ಒಂದು ಸಾಲು ಏನನ್ನು ಹೇಳಬೇಕು: ಕಬ್ಬಿನ ಲೆಕ್ಕಕ್ಕೆ ಡೇಟಾ ವೇರ್‌ಹೌಸಿನ ಯಾವ ಟೇಬಲ್ ಆರಿಸಬೇಕು?

ಮುಧೋಳ, ಜಮಖಂಡಿ, ಬೀಳಗಿ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ಹಂಗಾಮು ಆರಂಭವಾದ ಮೇಲೆ ಕಾಟಾ ಹಗಲು ರಾತ್ರಿ ನಿಲ್ಲುವುದಿಲ್ಲ. ಕಬ್ಬು ತುಂಬಿದ ಟ್ರ್ಯಾಕ್ಟರ್ ಕಾಟಾದ ಮೇಲೆ ಬಂದಾಗ ತುಂಬಿದ ತೂಕ ದಾಖಲಾಗುತ್ತದೆ, ಕಬ್ಬು ಇಳಿಸಿ ಮರಳಿದಾಗ ಖಾಲಿ ತೂಕ ದಾಖಲಾಗುತ್ತದೆ, ಎರಡರ ನಡುವಿನ ವ್ಯತ್ಯಾಸ ಒಂದು ಚೀಟಿಯಾಗಿ ರೈತನ ಕೈ ಸೇರುತ್ತದೆ. ಮಾದರಿಗೆ ಒಂದು ಚೀಟಿಯನ್ನು ತೆಗೆದುಕೊಳ್ಳೋಣ: ತುಂಬಿದ ತೂಕ 27.860 ಟನ್, ಖಾಲಿ ತೂಕ 7.420 ಟನ್, ನಿವ್ವಳ 20.440 ಟನ್, ಸಮಯ ಬೆಳಗಿನ ಜಾವ 2 ಗಂಟೆ 40 ನಿಮಿಷ. ಅದರ ಕೆಳಗೆ ರೈತನ ಕೋಡ್, ಊರು, ಪ್ಲಾಟ್ ನಂಬರ್, ಕೋ 86032 ಎಂಬ ತಳಿಯ ಹೆಸರು, ಹೊಸ ನಾಟಿಯೋ ಕಟಾವಾದ ಬುಡದಿಂದ ಮತ್ತೆ ಚಿಗುರಿದ ಕೂಳೆಯೋ ಎಂಬ ಗುರುತು, ಕಟಾವು ಮಾಡಿದ ಗ್ಯಾಂಗ್, ವಾಹನದ ನಂಬರ್, ಕಾಟಾ ನಂಬರ್ ಇರುತ್ತವೆ. ಡೇಟಾ ವೇರ್‌ಹೌಸಿನಲ್ಲಿ ಬಳಕೆಯಲ್ಲಿರುವ ಬಹುತೇಕ ಎಲ್ಲ ಬಗೆಯ ಟೇಬಲ್‌ಗಳನ್ನು ಈ ಒಂದು ಚೀಟಿಯನ್ನು ಹಿಡಿದುಕೊಂಡೇ ವಿವರಿಸಬಹುದು.

ಕಾಟಾದ ಕಂಪ್ಯೂಟರಿನೊಳಗೆ ಈಗಾಗಲೇ ಟೇಬಲ್‌ಗಳಿವೆ. ಆದರೆ ಅವನ್ನು ಕಟ್ಟಿರುವುದು ಆ ಹೊತ್ತಿನ ಕೆಲಸ ನಡೆಸುವುದಕ್ಕಾಗಿ, ಅಂದರೆ ಚೀಟಿಯನ್ನು ತಡವಿಲ್ಲದೆ ಬರೆಯಲು ಮತ್ತು ತಪ್ಪಾದರೆ ತಿದ್ದಲು. ಐದು ಹಂಗಾಮುಗಳಲ್ಲಿ ಯಾವ ಊರಿನ ಕೂಳೆ ಕಬ್ಬು ಎಷ್ಟು ಬಂತು, ಯಾವ ತಿಂಗಳಲ್ಲಿ ವಾಹನಗಳು ಯಾರ್ಡಿನಲ್ಲಿ ಹೆಚ್ಚು ಹೊತ್ತು ಕಾದವು, ಯಾವ ಬಿಲ್ಲು ತಡವಾಯಿತು ಎಂಬ ಪ್ರಶ್ನೆಗಳಿಗೆ ಉತ್ತರಿಸಲು ಬೇರೆ ರೀತಿಯಲ್ಲಿ ಜೋಡಿಸಿದ ಟೇಬಲ್‌ಗಳು ಬೇಕಾಗುತ್ತವೆ, ಮತ್ತು ಹಾಗೆ ಜೋಡಿಸಿಟ್ಟ ಸಂಗ್ರಹವೇ ಡೇಟಾ ವೇರ್‌ಹೌಸ್. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಕಾರ್ಖಾನೆಗಳಲ್ಲಿ, ಸಹಕಾರಿ ಸಂಘಗಳಲ್ಲಿ ಇಂಥ ಕೆಲಸಕ್ಕೆ ಹೊಸದಾಗಿ ಕೈಹಾಕಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಹೋಲಿಕೆಯನ್ನು ಬರೆದಿದ್ದೇನೆ.

ಮೊದಲು ಬರೆಯಬೇಕಾದ ಒಂದು ವಾಕ್ಯ

ಯಾವುದೇ ಟೇಬಲ್ ಕಟ್ಟುವ ಮೊದಲು ‘ಈ ಟೇಬಲಿನ ಒಂದು ಸಾಲು ಎಂದರೆ ಇಂಥದ್ದು’ ಎಂಬ ವಾಕ್ಯವನ್ನು ಪೂರ್ಣಗೊಳಿಸಿ ಕಾಗದದ ಮೇಲೆ ಬರೆದಿಡಬೇಕು. ಈ ಕ್ಷೇತ್ರದವರು ಇದನ್ನು ಗ್ರೇನ್ ಎನ್ನುತ್ತಾರೆ. ‘ಒಂದು ಸಾಲು ಎಂದರೆ ಒಂದು ತೂಕದ ಚೀಟಿ’ ಎಂಬುದು ಒಂದು ಗ್ರೇನ್. ‘ಒಂದು ಸಾಲು ಎಂದರೆ ಒಬ್ಬ ರೈತನ ಒಂದು ಹದಿನೈದು ದಿನದ ಬಿಲ್ಲು’ ಎಂಬುದು ಇನ್ನೊಂದು. ಇವೆರಡನ್ನೂ ಒಂದೇ ಟೇಬಲಿನಲ್ಲಿ ಇಟ್ಟರೆ ಏನಾಗುತ್ತದೆ ಎಂಬುದನ್ನು ನಾನು ಕೆಲಸಕ್ಕಿದ್ದ ಒಂದು ಕಾರ್ಖಾನೆಯಲ್ಲಿ ಕಣ್ಣಾರೆ ಕಂಡಿದ್ದೇನೆ.

ಅಲ್ಲಿ ವರದಿ ಬೇಗ ಸಿಗಲೆಂದು ಚೀಟಿಯ ಸಾಲಿಗೇ ಬಿಲ್ಲಿನ ಮೊತ್ತದ ಕಾಲಂ ಸೇರಿಸಲಾಗಿತ್ತು. ಅದರ ಪರಿಣಾಮವನ್ನು ಅಂಕಿಯಲ್ಲಿ ಹೀಗೆ ನೋಡಬಹುದು. ಒಬ್ಬ ರೈತ ಹದಿನೈದು ದಿನಗಳಲ್ಲಿ 20 ಟನ್ನಿನ 6 ಗಾಡಿ ಕಬ್ಬು ಕಳಿಸಿದ್ದಾನೆ ಎಂದುಕೊಳ್ಳೋಣ. ಶೇ 10.25ರ ರಿಕವರಿಗೆ, ಅಂದರೆ ಕಬ್ಬಿನಿಂದ ಸಿಗುವ ಸಕ್ಕರೆಯ ಪ್ರಮಾಣಕ್ಕೆ, 2024-25ರ ಎಫ್‌ಆರ್‌ಪಿ (ಕೇಂದ್ರ ಸರ್ಕಾರ ನಿಗದಿಪಡಿಸುವ ಕಬ್ಬಿನ ಕನಿಷ್ಠ ದರ) ಕ್ವಿಂಟಲಿಗೆ 340 ರೂಪಾಯಿ, ಅಂದರೆ ಟನ್ನಿಗೆ 3,400 ರೂಪಾಯಿ. ಕಟಾವು ಮತ್ತು ಸಾಗಣೆಯ ಕಡಿತವನ್ನು ಸದ್ಯಕ್ಕೆ ಬದಿಗಿಟ್ಟರೆ 120 ಟನ್ನಿಗೆ ಬಿಲ್ಲು 4,08,000 ರೂಪಾಯಿ ಆಗುತ್ತದೆ. ಈ ಮೊತ್ತ ಆರು ಚೀಟಿಗಳ ಆರು ಸಾಲುಗಳಲ್ಲಿಯೂ ಕುಳಿತಿದ್ದರೆ, ಊರಿನ ಒಟ್ಟು ಪಾವತಿ ಕೇಳಿದ ಕೂಡಲೇ ಈ ಒಬ್ಬನ ಹೆಸರಿನಲ್ಲಿಯೇ 24,48,000 ರೂಪಾಯಿ ಬರುತ್ತದೆ. ಟನ್ನೇಜ್ ಸರಿಯಾಗಿಯೇ ಇರುವುದರಿಂದ ವರದಿಯನ್ನು ನೋಡಿದವರಿಗೆ ಅನುಮಾನ ಬರುವುದಿಲ್ಲ, ಮತ್ತು ಈ ಬಗೆಯ ತಪ್ಪು ಬಹಳ ದಿನ ಉಳಿದುಬಿಡುವುದಕ್ಕೆ ಅದೇ ಕಾರಣ. ನಮ್ಮಲ್ಲಿ ಅದು ಹೊರಬಿದ್ದದ್ದು ಬ್ಯಾಂಕಿನ ಪಟ್ಟಿಯ ಜೊತೆ ತಾಳೆ ನೋಡಿದ ದಿನ. ಚೀಟಿಗೆ ಒಂದು ಟೇಬಲ್, ಬಿಲ್ಲಿಗೆ ಇನ್ನೊಂದು ಟೇಬಲ್ ಮಾಡಿ, ಎರಡನ್ನೂ ರೈತ, ಊರು, ಹಂಗಾಮು ಎಂಬ ಸಮಾನ ಕೊಂಡಿಗಳಿಂದ ಜೋಡಿಸಿದ ಮೇಲೆಯೇ ಲೆಕ್ಕ ನೆಟ್ಟಗಾಯಿತು.

ಅಳತೆಯ ಟೇಬಲ್, ವಿವರದ ಟೇಬಲ್

ವೇರ್‌ಹೌಸಿನ ಟೇಬಲ್‌ಗಳನ್ನು ಮೊದಲು ಎರಡು ದೊಡ್ಡ ಗುಂಪುಗಳಾಗಿ ನೋಡಬೇಕು. ಚೀಟಿಯ ಮೇಲಿನ ತೂಕದಂತೆ ಕೂಡಿಸಬಹುದಾದ ಅಳತೆಗಳು ಫ್ಯಾಕ್ಟ್ ಟೇಬಲಿಗೆ ಹೋಗುತ್ತವೆ. ಆ ತೂಕ ಯಾರದು, ಎಲ್ಲಿಯದು, ಯಾವ ತಳಿಯದು ಎಂಬ ವಿವರಗಳು ಡೈಮೆನ್ಷನ್ ಟೇಬಲಿಗೆ ಹೋಗುತ್ತವೆ. ಫ್ಯಾಕ್ಟ್ ಟೇಬಲ್ ಉದ್ದಕ್ಕೆ ಬೆಳೆಯುತ್ತದೆ, ಸಾಲು ಹೆಚ್ಚು ಮತ್ತು ಕಾಲಂ ಕಡಿಮೆ. ಡೈಮೆನ್ಷನ್ ಟೇಬಲ್ ಅಗಲವಾಗಿರುತ್ತದೆ, ಸಾಲು ಕಡಿಮೆ ಮತ್ತು ವಿವರದ ಕಾಲಂ ಹೆಚ್ಚು. ಒಂದು ಕಾಲಂ ಯಾವ ಕಡೆಗೆ ಹೋಗಬೇಕೆಂದು ತಿಳಿಯದಿದ್ದರೆ, ಅದನ್ನು ಕೂಡಿಸುತ್ತೇವೆಯೋ ಅಥವಾ ಅದರ ಪ್ರಕಾರ ವಿಂಗಡಿಸುತ್ತೇವೆಯೋ ಎಂದು ಕೇಳಿಕೊಂಡರೆ ಸಾಕು. ತೂಕವನ್ನು ಕೂಡಿಸುತ್ತೇವೆ, ತಳಿಯ ಪ್ರಕಾರ ವಿಂಗಡಿಸುತ್ತೇವೆ.

ದರ ಈ ಪರೀಕ್ಷೆಯಲ್ಲಿ ನೇರವಾಗಿ ಯಾವ ಕಡೆಗೂ ಬೀಳುವುದಿಲ್ಲ. ಎಫ್‌ಆರ್‌ಪಿ 2023-24ರಲ್ಲಿ 315, 2024-25ರಲ್ಲಿ 340, 2025-26ರಲ್ಲಿ 355 ರೂಪಾಯಿ ಇತ್ತು, ಬಹುತೇಕ ಪ್ರತಿ ಹಂಗಾಮಿಗೂ ಬದಲಾಗುತ್ತದೆ. ದರವನ್ನು ಬೇರೆ ಕಡೆ ಇಟ್ಟು, ವರದಿ ತೆಗೆಯುವಾಗ ಗುಣಿಸುವ ಪದ್ಧತಿ ಕೆಲವು ಕಡೆ ಇದೆ. ನಾನು ಅದನ್ನು ಒಪ್ಪುವುದಿಲ್ಲ. ಬಿಲ್ಲು ಮಾಡಿದ ದಿನ ಹಚ್ಚಿದ ದರವನ್ನೂ ಅಂದು ಬಂದ ಮೊತ್ತವನ್ನೂ ಬಿಲ್ಲಿನ ಫ್ಯಾಕ್ಟ್ ಟೇಬಲಿನಲ್ಲಿಯೇ ಬರೆದಿಡಬೇಕು. ಮೊತ್ತವನ್ನು ಕೂಡಿಸಬಹುದು, ದರವನ್ನು ಮಾತ್ರ ಎಂದಿಗೂ ಕೂಡಿಸಬಾರದು. ಸರಾಸರಿ ದರ ಬೇಕಾದಾಗ ಒಟ್ಟು ಮೊತ್ತವನ್ನು ಒಟ್ಟು ಟನ್ನಿನಿಂದ ಭಾಗಿಸಿದರೆ ಬರುವುದೇ ಸರಿಯಾದ ಸರಾಸರಿ.

ಫ್ಯಾಕ್ಟ್ ಟೇಬಲಿನ ಮೂರು ರೂಪಗಳ ನಡುವಿನ ಆಯ್ಕೆ

ಘಟನೆಯ ಟೇಬಲ್, ನಿಯತ ಅವಧಿಯ ಸ್ನ್ಯಾಪ್‌ಶಾಟ್, ಹಂತಗಳ ಸ್ನ್ಯಾಪ್‌ಶಾಟ್ ಎಂಬ ಮೂರು ರೂಪಗಳಲ್ಲಿ ಯಾವುದನ್ನು ಆರಿಸಬೇಕು ಎಂಬುದು ಕೇಳುವ ಪ್ರಶ್ನೆಯನ್ನು ಅವಲಂಬಿಸಿದೆ.

‘ಎಷ್ಟು ಬಂತು, ಎಷ್ಟು ಹೋಯಿತು’ ಎಂಬ ಪ್ರಶ್ನೆಗೆ ಘಟನೆಯ ಟೇಬಲ್ ಬೇಕು. ಒಂದು ಚೀಟಿ ಹುಟ್ಟಿದಾಗ ಒಂದು ಸಾಲು ಸೇರುತ್ತದೆ, ಆಮೇಲೆ ಅದನ್ನು ಯಾರೂ ಮುಟ್ಟುವುದಿಲ್ಲ. ತಪ್ಪಾಗಿ ತೂಗಿದ ಚೀಟಿಯನ್ನು ರದ್ದು ಮಾಡಬೇಕಾದರೂ ಹಳೆಯ ಸಾಲನ್ನು ಅಳಿಸದೆ, ಅಷ್ಟೇ ತೂಕದ ಋಣ ಸಾಲೊಂದನ್ನು ಸೇರಿಸುವುದು ಒಳ್ಳೆಯದು; ಕೀರ್ದಿಯಲ್ಲಿ ಒಮ್ಮೆ ಬರೆದುದನ್ನು ಕೆರೆದು ಅಳಿಸಬಾರದು ಎಂದು ಲೆಕ್ಕದವರು ಪಾಲಿಸಿಕೊಂಡು ಬಂದ ನಿಯಮವೇ ಇಲ್ಲಿಯೂ ನಡೆಯುತ್ತದೆ. ಒಂದು ವಿವರವನ್ನು ಮಾತ್ರ ಆರಂಭದಲ್ಲಿಯೇ ನಿರ್ಧರಿಸಿಕೊಳ್ಳಬೇಕು. ಮೇಲೆ ಹೇಳಿದ ಚೀಟಿ ಬೆಳಗಿನ ಜಾವ 2.40ರದು. ಪಾಳಿಯ ಲೆಕ್ಕದಲ್ಲಿ ನಡೆಯುವ ಕಾರ್ಖಾನೆಯಲ್ಲಿ ದಿನವು ಬೆಳಗಿನ ಪಾಳಿಯಿಂದ ಆರಂಭವಾಗುತ್ತಿದ್ದರೆ ಆ ಕಬ್ಬು ಹಿಂದಿನ ದಿನದ ನುರಿಸುವಿಕೆಗೆ ಸೇರುತ್ತದೆ, ಕ್ಯಾಲೆಂಡರ್ ಮಾತ್ರ ಮರುದಿನ ಎನ್ನುತ್ತದೆ. ಹಾಗಾಗಿ ಪ್ರತಿ ಸಾಲಿನಲ್ಲಿ ಕ್ಯಾಲೆಂಡರ್ ದಿನಾಂಕ ಮತ್ತು ಕಾರ್ಖಾನೆಯ ದಿನಾಂಕ ಎರಡನ್ನೂ ಇಡದಿದ್ದರೆ ಕಬ್ಬಿನ ವಿಭಾಗದ ವರದಿಯೂ ಉತ್ಪಾದನಾ ವಿಭಾಗದ ವರದಿಯೂ ಯಾವ ದಿನವೂ ತಾಳೆಯಾಗುವುದಿಲ್ಲ.

‘ಈಗ ಎಷ್ಟು ಇದೆ’ ಎಂಬ ಪ್ರಶ್ನೆಗೆ ನಿಯತ ಅವಧಿಯ ಸ್ನ್ಯಾಪ್‌ಶಾಟ್ ಸೂಕ್ತ. ಗೋದಾಮಿನಲ್ಲಿರುವ ಸಕ್ಕರೆ ಚೀಲಗಳು, ಟ್ಯಾಂಕಿನಲ್ಲಿರುವ ಮೊಲಾಸಿಸ್, ರೈತರಿಗೆ ಕೊಡಬೇಕಾದ ಬಾಕಿ, ಇವನ್ನು ಒಳಬಂದ ಮತ್ತು ಹೊರಹೋದ ಸಾಲುಗಳನ್ನೆಲ್ಲ ಮೊದಲಿನಿಂದ ಕೂಡಿಸಿ ಕಳೆದು ಕಂಡುಹಿಡಿಯಬಹುದಾದರೂ, ಪ್ರತಿದಿನ ಒಂದು ನಿಗದಿತ ಹೊತ್ತಿಗೆ ಗೋದಾಮಿಗೊಂದು ಸಾಲು ಬರೆದಿಟ್ಟರೆ ಉತ್ತರ ತಕ್ಷಣ ಸಿಗುತ್ತದೆ. ಇಲ್ಲಿರುವ ಅಪಾಯವೆಂದರೆ ಈ ಅಳತೆಯನ್ನು ಗೋದಾಮುಗಳ ಮೇಲೆ ಕೂಡಿಸಬಹುದು, ದಿನಗಳ ಮೇಲೆ ಕೂಡಿಸಲಾಗದು. ಸೋಮವಾರ 42,000 ಚೀಲ, ಮಂಗಳವಾರ 43,500 ಚೀಲ ಇದ್ದರೆ ಎರಡು ದಿನಗಳ ಮೊತ್ತವೆಂದು ಬರುವ 85,500 ಚೀಲಗಳು ಯಾವ ಗೋದಾಮಿನಲ್ಲಿಯೂ ಎಂದೂ ಇರಲಿಲ್ಲ. ವರದಿಯ ಸಾಫ್ಟ್‌ವೇರ್ ತಾನಾಗಿ ಮೊತ್ತ ಹಾಕಿಬಿಡುತ್ತದೆ. ಅವಧಿಯ ಕೊನೆಯ ದಿನದ ಅಂಕಿ ಅಥವಾ ಸರಾಸರಿ ಎಂದು ನಾವೇ ಹೇಳಿಕೊಡಬೇಕು.

ಮೂರನೆಯದಾದ ಹಂತಗಳ ಸ್ನ್ಯಾಪ್‌ಶಾಟನ್ನು ನಮ್ಮ ಭಾಗದಲ್ಲಿ ಬಹಳ ಕಡಿಮೆ ಬಳಸಲಾಗುತ್ತಿದೆ. ನನ್ನ ಅಭಿಪ್ರಾಯದಲ್ಲಿ ರೈತನಿಗೆ ಅತ್ಯಂತ ಹತ್ತಿರವಾದ ಟೇಬಲ್ ಇದೇ. ಒಂದು ಗಾಡಿ ಯಾರ್ಡಿಗೆ ಬಂದು ಟೋಕನ್ ಪಡೆದ ಹೊತ್ತು, ತುಂಬಿದ ತೂಕದ ಹೊತ್ತು, ಖಾಲಿ ತೂಕದ ಹೊತ್ತು, ಬಿಲ್ಲಾದ ದಿನ, ಹಣ ಖಾತೆಗೆ ಜಮೆಯಾದ ದಿನ, ಇವೆಲ್ಲ ಒಂದೇ ಸಾಲಿನ ಬೇರೆ ಬೇರೆ ಕಾಲಂಗಳಾಗಿರುತ್ತವೆ ಮತ್ತು ಒಂದೊಂದು ಹಂತ ಮುಗಿದಂತೆ ಆ ಕಾಲಂ ತುಂಬುತ್ತ ಹೋಗುತ್ತದೆ. ಎರಡು ಹಂತಗಳ ನಡುವಿನ ಅಂತರವನ್ನೂ ಅಲ್ಲಿಯೇ ಲೆಕ್ಕಹಾಕಿ ಇಡಬಹುದು. 1966ರ ಕಬ್ಬು (ನಿಯಂತ್ರಣ) ಆದೇಶದ ಪ್ರಕಾರ ಕಬ್ಬು ಒಪ್ಪಿಸಿದ 14 ದಿನಗಳೊಳಗೆ ಹಣ ಪಾವತಿಯಾಗಬೇಕು, ತಡವಾದರೆ ವರ್ಷಕ್ಕೆ ಶೇ 15ರಂತೆ ಬಡ್ಡಿ ಸೇರಬೇಕು. ಘಟನೆಯ ಟೇಬಲಿನಿಂದ ಈ 14 ದಿನಗಳನ್ನು ಅಳೆಯಲು ಹೊರಟರೆ ಚೀಟಿ, ಬಿಲ್ಲು, ಪಾವತಿ ಎಂಬ ಮೂರು ಟೇಬಲ್‌ಗಳನ್ನು ಜೋಡಿಸಬೇಕಾಗುತ್ತದೆ. ಹಂತಗಳ ಟೇಬಲಿನಲ್ಲಿಯಾದರೆ ಜಮೆಯ ದಿನ ಇನ್ನೂ ತುಂಬದಿರುವ, ತೂಕವಾಗಿ 10 ದಿನ ದಾಟಿರುವ ಸಾಲುಗಳನ್ನು ಒಂದೇ ಸಾಲಿನ ಕ್ವೆರಿಯಿಂದ, ಅಂದರೆ ಡೇಟಾಬೇಸಿಗೆ ಬರೆದು ಕೇಳುವ ಪ್ರಶ್ನೆಯಿಂದ, ತೆಗೆಯಬಹುದು, ಅದೂ ಗಡುವು ಮೀರುವ ಮೊದಲೇ.

ಇನ್ನೂ ಆಗದ ಹಂತದ ದಿನಾಂಕವನ್ನು ಖಾಲಿ ಬಿಡದೆ, ದಿನಾಂಕದ ಡೈಮೆನ್ಷನ್ನಿನಲ್ಲಿ ‘ಇನ್ನೂ ಆಗಿಲ್ಲ’ ಎಂಬ ಒಂದು ವಿಶೇಷ ಸಾಲನ್ನು ಮಾಡಿ ಅದಕ್ಕೆ ಕೊಂಡಿ ಹಾಕುವುದು ರೂಢಿ. ಖಾಲಿ ಬಿಟ್ಟರೆ ಟೇಬಲ್‌ಗಳನ್ನು ಜೋಡಿಸುವಾಗ ಆ ಸಾಲುಗಳು ಸದ್ದಿಲ್ಲದೆ ಬಿದ್ದುಹೋಗುತ್ತವೆ, ಅಂದರೆ ಹಣ ಬರದವರ ಹೆಸರೇ ಹಣ ಬರದವರ ಪಟ್ಟಿಯಿಂದ ಮಾಯವಾಗುತ್ತದೆ. ಈ ಟೇಬಲಿನ ಒಂದು ಮಿತಿಯನ್ನೂ ಹೇಳಬೇಕು. ಸಾಲನ್ನು ಮತ್ತೆ ಮತ್ತೆ ತಿದ್ದುವುದರಿಂದ, ಖಾತೆ ನಂಬರ್ ತಪ್ಪಾಗಿ ಬ್ಯಾಂಕಿನಿಂದ ಮರಳಿ ಬಂದು ಎರಡನೆಯ ಸಲ ಕಳಿಸಿದ ಪಾವತಿಯ ಕಥೆ ಇದರಲ್ಲಿ ಉಳಿಯುವುದಿಲ್ಲ. ಆ ಕಾರಣದಿಂದ ಘಟನೆಯ ಟೇಬಲನ್ನು ಬಿಟ್ಟು ಇದೊಂದನ್ನೇ ಇಟ್ಟುಕೊಳ್ಳಬಾರದು. ಅದರ ಪಕ್ಕದಲ್ಲಿ ಇದು ಇರಬೇಕು.

ಇವುಗಳ ಜೊತೆಗೆ ಅಳತೆಯೇ ಇಲ್ಲದ ಫ್ಯಾಕ್ಟ್ ಟೇಬಲ್ ಎಂಬುದೂ ಇದೆ. ಹಂಗಾಮಿಗೆ ಮೊದಲು ನೋಂದಾಯಿಸಿದ ಪ್ಲಾಟುಗಳ ಟೇಬಲಿನಲ್ಲಿ ರೈತ, ಪ್ಲಾಟ್, ತಳಿ, ಹಂಗಾಮು ಎಂಬ ಕೊಂಡಿಗಳಷ್ಟೇ ಇರುತ್ತವೆ. ತೂಕದ ಟೇಬಲಿನಲ್ಲಿ ಬಂದ ಕಬ್ಬು ಕಾಣುತ್ತದೆ, ಬಾರದ ಕಬ್ಬು ಕಾಣುವುದಿಲ್ಲ. ನೋಂದಣಿಯ ಟೇಬಲಿನಿಂದ ತೂಕದ ಟೇಬಲನ್ನು ಕಳೆದಾಗಲೇ, ನೋಂದಾಯಿಸಿಯೂ ಕಬ್ಬು ಕಳಿಸದ ಪ್ಲಾಟುಗಳು ಯಾವುವು, ಅವು ಗಾಣಕ್ಕೆ ಹೋದವೋ ಬೇರೆ ಕಾರ್ಖಾನೆಗೆ ಹೋದವೋ ಎಂದು ಫೀಲ್ಡ್‌ಮನ್ ವಿಚಾರಿಸಲು ಒಂದು ಪಟ್ಟಿ ಸಿಗುತ್ತದೆ.

ಹೆಸರು ಬದಲಾದಾಗ, ಗಡಿ ಬದಲಾದಾಗ

ಡೈಮೆನ್ಷನ್ ಟೇಬಲಿನ ವಿಚಾರದಲ್ಲಿ ಕಷ್ಟದ ಆಯ್ಕೆ ಒಂದೇ: ವಿವರ ಬದಲಾದಾಗ ಹಳೆಯದನ್ನು ಏನು ಮಾಡಬೇಕು? ಇದಕ್ಕೆ ನಂಬರ್ ಹಾಕಿದ ಪದ್ಧತಿಗಳಿವೆ. ಟೈಪ್ 1ರಲ್ಲಿ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುತ್ತಾರೆ. ಟೈಪ್ 2ರಲ್ಲಿ ಹಳೆಯ ಸಾಲನ್ನು ಹಾಗೆಯೇ ಮುಚ್ಚಿ, ಜಾರಿಯಾದ ದಿನಾಂಕದೊಂದಿಗೆ ಹೊಸ ಸಾಲನ್ನು ತೆರೆಯುತ್ತಾರೆ. ಟೈಪ್ 3ರಲ್ಲಿ ಅದೇ ಸಾಲಿಗೆ ‘ಹಿಂದಿನ ವಿವರ’ ಎಂಬ ಇನ್ನೊಂದು ಕಾಲಂ ಸೇರಿಸುತ್ತಾರೆ. ಪುಸ್ತಕದಲ್ಲಿ ಓದುವಾಗ ಇವು ಮೂರೂ ಸರಳವೆನಿಸುತ್ತವೆ. ನಮ್ಮ ಮೂರು ಜಿಲ್ಲೆಗಳ ಊರಿನ ಪಟ್ಟಿಯನ್ನು ಎದುರಿಗಿಟ್ಟುಕೊಂಡಾಗ ಅವುಗಳ ನಡುವಿನ ಅಂತರ ನಿಜವಾಗಿ ತಿಳಿಯುತ್ತದೆ.

2014ರ ನವೆಂಬರ್ 1ರಂದು ಬೆಳಗಾಂ ಅಧಿಕೃತವಾಗಿ ಬೆಳಗಾವಿಯಾಯಿತು, ಬಿಜಾಪುರ ವಿಜಯಪುರವಾಯಿತು. ಇಲ್ಲಿ ಬದಲಾದದ್ದು ಹೆಸರು ಮಾತ್ರ, ನೆಲ ಅದೇ. ಇದಕ್ಕೆ ಟೈಪ್ 1 ಸಾಕು. ಹಳೆಯ ಸಾಲನ್ನು ಉಳಿಸಿದರೆ ಒಂದೇ ಜಿಲ್ಲೆ ವರದಿಯಲ್ಲಿ ಎರಡು ಹೆಸರುಗಳಿಂದ ಎರಡು ಸಾಲಾಗಿ ಬರುತ್ತದೆ ಮತ್ತು ಎರಡೂ ಅರ್ಧಂಬರ್ಧ ಅಂಕಿಗಳನ್ನು ತೋರಿಸುತ್ತವೆ. ಹಳೆಯ ಕಾಗದಗಳಲ್ಲಿ ಹುಡುಕುವವರಿಗೆ ಅನುಕೂಲವಾಗಲೆಂದು ಹಳೆಯ ಹೆಸರನ್ನು ಒಂದು ಕಾಲಂನಲ್ಲಿ ಇಟ್ಟರೆ, ಅಂದರೆ ಟೈಪ್ 3 ಮಾಡಿದರೆ, ಅಷ್ಟು ಸಾಕಾಗುತ್ತದೆ.

ರಬಕವಿ-ಬನಹಟ್ಟಿಯ ವಿಚಾರ ಹಾಗಲ್ಲ. ಅದು ಜಮಖಂಡಿ ತಾಲ್ಲೂಕಿನಲ್ಲಿತ್ತು, 2018ರಲ್ಲಿ ಬೇರೆ ತಾಲ್ಲೂಕಾಯಿತು. ಅದೇ ಹೊತ್ತಿಗೆ ಹುನಗುಂದದಿಂದ ಇಳಕಲ್ಲ, ಬಾದಾಮಿಯಿಂದ ಗುಳೇದಗುಡ್ಡ ಬೇರೆಯಾದವು. ಇಲ್ಲಿ ಗಡಿಯೇ ಬದಲಾಗಿದೆ. ಟೈಪ್ 1 ಮಾಡಿ ಊರುಗಳ ತಾಲ್ಲೂಕನ್ನು ಅಳಿಸಿ ಬರೆದರೆ, 2016ರ ಜಮಖಂಡಿ ತಾಲ್ಲೂಕಿನ ಟನ್ನೇಜ್ ಇಂದು ತೆಗೆದ ವರದಿಯಲ್ಲಿ ಕಡಿಮೆ ಬರುತ್ತದೆ ಮತ್ತು ಅಂದು ಮುದ್ರಿಸಿ ಸಹಿ ಮಾಡಿ ಕಳಿಸಿದ ವರದಿಗೆ ತಾಳೆಯಾಗುವುದಿಲ್ಲ. ಟೈಪ್ 2 ಮಾಡಿದರೆ ಹಳೆಯ ವರದಿಗಳು ಸರಿಯಾಗಿಯೇ ಉಳಿಯುತ್ತವೆ, ಆದರೆ ಹತ್ತು ವರ್ಷಗಳ ಗ್ರಾಫ್ ಎಳೆದರೆ ಜಮಖಂಡಿಯಲ್ಲಿ 2018ರ ಆಸುಪಾಸಿನಲ್ಲಿ ಕಬ್ಬು ಒಮ್ಮೆಲೇ ಕುಸಿದಂತೆ ಕಾಣುತ್ತದೆ, ಹೊಲದಲ್ಲಿ ಒಂದು ಗಳವೂ ಕಡಿಮೆಯಾಗಿರದಿದ್ದರೂ. ಎರಡೂ ಉತ್ತರಗಳು ನಿಜ, ಆದರೆ ಬೇರೆ ಬೇರೆ ಪ್ರಶ್ನೆಗಳಿಗೆ. ನಾನು ಇಂಥಲ್ಲಿ ಟೈಪ್ 2ನ್ನು ಆಧಾರವಾಗಿಟ್ಟುಕೊಂಡು, ಪ್ರತಿ ಸಾಲಿಗೆ ‘ಇಂದಿನ ತಾಲ್ಲೂಕು’ ಎಂಬ ಕಾಲಂ ಸೇರಿಸಿ, ಅದನ್ನು ಹಳೆಯ ಮತ್ತು ಹೊಸ ಸಾಲುಗಳೆರಡರಲ್ಲಿಯೂ ಒಂದೇ ಆಗಿರುವಂತೆ ಇಡುತ್ತೇನೆ. ಟೈಪ್ 6 ಎಂದು ಕರೆಯುವ ಮಿಶ್ರ ಪದ್ಧತಿಯ ತಿರುಳು ಇದೇ. ಆಗ ಹಳೆಯ ವರದಿಯ ಜೊತೆ ತಾಳೆ ನೋಡುವವರು ಅಂದಿನ ತಾಲ್ಲೂಕಿನ ಕಾಲಂ ಬಳಸುತ್ತಾರೆ, ಬೆಳವಣಿಗೆ ನೋಡುವವರು ಇಂದಿನ ತಾಲ್ಲೂಕಿನ ಕಾಲಂ ಬಳಸುತ್ತಾರೆ. ತುಂಬ ಹಳೆಯ ದಾಖಲೆಗಳನ್ನು ಸೇರಿಸುವವರು 1997ರಲ್ಲಿ ಬಿಜಾಪುರದಿಂದ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದುದಕ್ಕೂ ಇದೇ ರೀತಿಯನ್ನು ಅನುಸರಿಸಬೇಕಾಗುತ್ತದೆ.

ಟೈಪ್ 2 ನಡೆಯಬೇಕಾದರೆ ಡೈಮೆನ್ಷನ್ನಿನ ಪ್ರತಿ ಸಾಲಿಗೆ ವೇರ್‌ಹೌಸಿನದೇ ಆದ, ಅರ್ಥವಿಲ್ಲದ ಒಂದು ಕ್ರಮಸಂಖ್ಯೆ ಬೇಕು. ರೈತನ ಕೋಡನ್ನೇ ಕೀ, ಅಂದರೆ ಸಾಲನ್ನು ಗುರುತಿಸುವ ಸಂಖ್ಯೆ, ಮಾಡಿಕೊಂಡರೆ ಒಬ್ಬ ರೈತನಿಗೆ ಎರಡನೆಯ ಸಾಲು ಬರೆಯಲು ಜಾಗವೇ ಇರುವುದಿಲ್ಲ. ಫ್ಯಾಕ್ಟ್ ಟೇಬಲಿನ ಸಾಲು ಆ ದಿನ ಜಾರಿಯಲ್ಲಿದ್ದ ಸಾಲಿನ ಕ್ರಮಸಂಖ್ಯೆಯನ್ನು ಹಿಡಿದುಕೊಂಡಿರುತ್ತದೆ; ಕೋಡ್ ಮಾತ್ರ ಎಲ್ಲ ಸಾಲುಗಳಲ್ಲಿಯೂ ಅದೇ ಆಗಿರುತ್ತದೆ.

ಇಲ್ಲಿಯೇ ಒಂದು ಎಚ್ಚರಿಕೆ. ತಂದೆ ತೀರಿಕೊಂಡ ಮೇಲೆ ವಾರಸಾ ಆಗಿ ಹೊಲ ಮಗನ ಹೆಸರಿಗೆ ಬರುತ್ತದೆ. ಗುಮಾಸ್ತರು ಎಷ್ಟೋ ಕಡೆ ತಂದೆಯ ಕೋಡಿನ ಮೇಲೆಯೇ ಮಗನ ಹೆಸರು ಬರೆದುಬಿಡುತ್ತಾರೆ, ಏಕೆಂದರೆ ಕೋಡ್ ಬದಲಿಸಿದರೆ ಕಾಟಾದಲ್ಲಿ, ಬಿಲ್ಲಿನಲ್ಲಿ, ಬ್ಯಾಂಕಿನಲ್ಲಿ ಎಲ್ಲ ಕಡೆ ಬದಲಿಸಬೇಕಾಗುತ್ತದೆ. ವೇರ್‌ಹೌಸಿಗೆ ಅದು ಬಂದಾಗ ವಿವರ ಬದಲಾವಣೆಯಂತೆ ಕಾಣುತ್ತದೆ, ಆದರೆ ಅದು ಬೇರೊಬ್ಬ ಮನುಷ್ಯ. ಇದನ್ನು ಟೈಪ್ 2ರ ಹೊಸ ಸಾಲಾಗಿ ಸೇರಿಸಿದರೆ, ಕೋಡ್ ಪ್ರಕಾರ ಕೂಡಿಸಿದಾಗ ಸತ್ತವರ ಮೂವತ್ತು ವರ್ಷಗಳ ಕಬ್ಬು ಮಗನ ಲೆಕ್ಕಕ್ಕೆ ಹೋಗುತ್ತದೆ. ಹೊಸ ರೈತ, ಹೊಸ ಕೋಡ್, ಇಬ್ಬರ ನಡುವೆ ವಾರಸಾ ಎಂಬ ಒಂದು ಕೊಂಡಿ, ಇಷ್ಟನ್ನು ಹಟ ಹಿಡಿದು ಮಾಡಿಸಬೇಕು. ತಂದೆ ದುಡಿದ ಲೆಕ್ಕ ತಂದೆಯ ಹೆಸರಿನಲ್ಲಿಯೇ ಇರಬೇಕು ಎಂದು ನನಗೆ ಅನಿಸುತ್ತದೆ, ತಾಂತ್ರಿಕ ಕಾರಣ ಆಮೇಲಿನದು.

ಉತಾರದಲ್ಲಿ ಮೂವರ ಹೆಸರು

ಜಂಟಿ ಉತಾರ (ಪಹಣಿ) ಇರುವ ಹೊಲದಲ್ಲಿ ಒಂದು ಪ್ಲಾಟಿಗೆ ಮೂವರು ಅಣ್ಣತಮ್ಮಂದಿರ ಹೆಸರಿರುತ್ತದೆ. ಒಂದು ಚೀಟಿಗೆ ಒಬ್ಬ ರೈತ ಎಂಬ ನಮ್ಮ ಸರಳ ಜೋಡಣೆ ಇಲ್ಲಿ ನಿಲ್ಲುವುದಿಲ್ಲ. ಎಲ್ಲವನ್ನೂ ಹಿರಿಯಣ್ಣನ ಹೆಸರಿಗೆ ಹಾಕುವುದು ಒಂದು ದಾರಿ, ಅದರಿಂದ ಉಳಿದಿಬ್ಬರು ಲೆಕ್ಕದಿಂದ ಕಾಣೆಯಾಗುತ್ತಾರೆ. ಚೀಟಿಯನ್ನು ಮೂರು ಸಾಲು ಮಾಡುವುದು ಇನ್ನೊಂದು ದಾರಿ, ಅದರಿಂದ ‘ಒಂದು ಸಾಲು ಎಂದರೆ ಒಂದು ಚೀಟಿ’ ಎಂಬ ಮಾತೇ ಮುರಿಯುತ್ತದೆ. ಇಂಥ ಕಡೆ ಬ್ರಿಡ್ಜ್ ಟೇಬಲ್ ಬೇಕು: ಪ್ಲಾಟ್, ರೈತ, ಪಾಲು ಎಂಬ ಮೂರು ಕಾಲಂಗಳ ಒಂದು ಸಣ್ಣ ಟೇಬಲ್, ಪಾಲುಗಳು 0.50, 0.25, 0.25 ಎಂದು ಬರೆದಿದ್ದು ಒಟ್ಟು 1 ಆಗಬೇಕು. ರೈತವಾರು ವರದಿಯಲ್ಲಿ ತೂಕವನ್ನು ಪಾಲಿನಿಂದ ಗುಣಿಸಬೇಕು. ಗುಣಿಸಲು ಮರೆತರೆ 20.440 ಟನ್ನಿನ ಚೀಟಿ ಮೂರು ಪಟ್ಟಾಗಿ 61.320 ಟನ್ ಆಗುತ್ತದೆ. ಮರೆಯುವ ಅವಕಾಶವನ್ನೇ ಕೊಡದಂತೆ ಗುಣಿಸಿದ ಒಂದು ವ್ಯೂ (ಟೇಬಲಿನಂತೆಯೇ ಕಾಣುವ, ಉಳಿಸಿಟ್ಟ ಕ್ವೆರಿ) ಮಾಡಿ, ವರದಿ ತೆಗೆಯುವವರಿಗೆ ಅದನ್ನು ಮಾತ್ರ ತೋರಿಸುವುದು ಉತ್ತಮ. ಜಂಟಿ ಖಾತೆಗಳು ಬೆರಳೆಣಿಕೆಯಷ್ಟಿದ್ದರೆ ಬ್ರಿಡ್ಜ್ ಟೇಬಲಿನ ಗೋಜು ಬೇಡ.

ಚಿಕ್ಕ ಆಯ್ಕೆಗಳು

ಚೀಟಿ ನಂಬರಿಗೆ ಬೇರೆ ಡೈಮೆನ್ಷನ್ ಟೇಬಲ್ ಬೇಡ. ಅದಕ್ಕೆ ಇನ್ನಾವ ವಿವರವೂ ಇಲ್ಲದಿರುವುದರಿಂದ ಫ್ಯಾಕ್ಟ್ ಟೇಬಲಿನಲ್ಲಿಯೇ ಇರಲಿ. ಸುಟ್ಟ ಕಬ್ಬೋ ಅಲ್ಲವೋ, ನಾಟಿಯೋ ಕೂಳೆಯೋ, ಕಟಾವು ಯಂತ್ರದ್ದೋ ಗ್ಯಾಂಗಿನದೋ ಎಂಬಂಥ ಹೌದು-ಇಲ್ಲಗಳಿಗೆ ಒಂದೊಂದು ಟೇಬಲ್ ಮಾಡುವ ಬದಲು ಎಲ್ಲವನ್ನೂ ಒಂದೇ ಸಣ್ಣ ಟೇಬಲಿನಲ್ಲಿ ಸೇರಿಸಬಹುದು. ಮೂರು ಗುರುತುಗಳಿಗೆ ಎಂಟು ಸಾಲುಗಳಾಗುತ್ತವೆ, ಅಷ್ಟೇ. ದಿನಾಂಕದ ಟೇಬಲ್ ಒಂದೇ ಇದ್ದು, ಟೋಕನ್ನಿನ ದಿನ, ತೂಕದ ದಿನ, ಜಮೆಯ ದಿನ ಎಂದು ಮೂರು ಹೆಸರುಗಳಿಂದ ಅದನ್ನೇ ಬಳಸಬಹುದು. ಆ ಟೇಬಲಿನಲ್ಲಿ ಅಕ್ಟೋಬರ್ 1ರಿಂದ ಸೆಪ್ಟೆಂಬರ್ 30ರವರೆಗಿನ ಸಕ್ಕರೆ ವರ್ಷ ಮತ್ತು ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಹಣಕಾಸು ವರ್ಷ ಎರಡೂ ಇರಲಿ, ಏಕೆಂದರೆ ನುರಿಸುವ ಹಂಗಾಮು ಮಾರ್ಚ್ ದಾಟಿದರೆ ಲೆಕ್ಕಪತ್ರ ವಿಭಾಗ ಅದನ್ನು ಎರಡು ವರ್ಷಗಳಿಗೆ ಹಂಚುತ್ತದೆ.

ಸ್ಟೇಜಿಂಗ್ ಟೇಬಲ್ ಬೇಕೇ ಎಂದು ಕೆಲವರು ಕೇಳುತ್ತಾರೆ. ಬೇಕು. ಕಾಟಾದಿಂದ ಬಂದ ಫೈಲನ್ನು ಬಂದ ಹಾಗೆಯೇ, ದಿನಾಂಕವನ್ನೂ ತೂಕವನ್ನೂ ಬರಿಯ ಅಕ್ಷರಗಳಾಗಿ, ಅಲ್ಲಿ ಇಳಿಸಿಕೊಳ್ಳಬೇಕು. ಕರೆಂಟ್ ಹೋಗಿ ಬಂದ ಮೇಲೆ ಕಾಟಾ ಅದೇ ಚೀಟಿಗಳನ್ನು ಎರಡನೆಯ ಸಲ ಕಳಿಸುವುದುಂಟು. ಅವನ್ನು ಗುರುತಿಸಲು ಚೀಟಿ ನಂಬರ್ ಒಂದೇ ಸಾಲದು, ಏಕೆಂದರೆ ಹಂಗಾಮು ಬದಲಾದಾಗ ನಂಬರ್ ಮತ್ತೆ 1ರಿಂದ ಆರಂಭವಾಗುತ್ತದೆ ಮತ್ತು ಎರಡು ಕಾಟಾಗಳಿಗೆ ಒಂದೇ ನಂಬರ್ ಬರಬಹುದು. ಹಂಗಾಮು, ಕಾಟಾ ನಂಬರ್, ಚೀಟಿ ನಂಬರ್ ಮೂರೂ ಸೇರಿದಾಗ ಮಾತ್ರ ಒಂದು ಚೀಟಿ ಖಚಿತವಾಗುತ್ತದೆ.

ಊರುವಾರು, ವಾರದವಾರು ಮೊತ್ತ ಹಾಕಿಟ್ಟ ಸಾರಾಂಶದ ಟೇಬಲ್‌ಗಳು ವರದಿಯನ್ನು ಚುರುಕುಗೊಳಿಸುತ್ತವೆ. ಅವುಗಳನ್ನು ಯಾವಾಗ ಬೇಕಾದರೂ ಅಳಿಸಿ ಚೀಟಿಯ ಟೇಬಲಿನಿಂದ ಮತ್ತೆ ಕಟ್ಟುವಂತಿರಬೇಕು, ಕೈಯಿಂದ ತಿದ್ದಬಾರದು. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಸಾಫ್ಟ್‌ವೇರಿನಲ್ಲಿ ಇದಕ್ಕೆ ಮೆಟೀರಿಯಲೈಸ್ಡ್ ವ್ಯೂ, ಅಂದರೆ ಫಲಿತಾಂಶವನ್ನೂ ಉಳಿಸಿಡುವ ವ್ಯೂ, ಬಳಸಬಹುದು, ಆದರೆ ಅದು ತಾನಾಗಿ ಹೊಸದಾಗುವುದಿಲ್ಲ, ರಿಫ್ರೆಶ್ ಆದೇಶವನ್ನು ನಾವೇ ಓಡಿಸಬೇಕು ಎಂಬುದು ನೆನಪಿರಲಿ.

ಊರು, ತಾಲ್ಲೂಕು, ಜಿಲ್ಲೆಗಳನ್ನು ಒಂದೇ ಟೇಬಲಿನಲ್ಲಿ ಇಡಬೇಕೋ ಮೂರು ಟೇಬಲ್ ಮಾಡಬೇಕೋ ಎಂಬುದು ಸ್ಟಾರ್ (ಒಂದೇ ಟೇಬಲ್) ಮತ್ತು ಸ್ನೋಫ್ಲೇಕ್ (ಮೂರು ಟೇಬಲ್) ನಡುವಿನ ಆಯ್ಕೆ. ಮೂರು ಮಾಡಿದರೆ ಪುನರಾವರ್ತನೆ ತಪ್ಪುತ್ತದೆ, ಆದರೆ ಉಳಿಯುವ ಜಾಗ ಲೆಕ್ಕಕ್ಕೇ ಬಾರದಷ್ಟು ಕಡಿಮೆ, ಮತ್ತು ಪ್ರತಿ ವರದಿಗೂ ಎರಡು ಜೋಡಣೆಗಳು ಹೆಚ್ಚಾಗುತ್ತವೆ. ಒಂದೇ ಟೇಬಲ್ ಇರಲಿ. ವೇರ್‌ಹೌಸ್ ವಿನ್ಯಾಸದ ಇಬ್ಬರು ಪ್ರಮುಖರ ನಡುವೆ ಇದಕ್ಕಿಂತ ದೊಡ್ಡ ಚರ್ಚೆಯೊಂದಿದೆ: ಮೊದಲು ಇಡೀ ಸಂಸ್ಥೆಯ ದತ್ತಾಂಶವನ್ನು ಪುನರಾವರ್ತನೆಯಿಲ್ಲದ ಟೇಬಲ್‌ಗಳಲ್ಲಿ ಕೂಡಿಟ್ಟು ಅಲ್ಲಿಂದ ವಿಭಾಗವಾರು ಟೇಬಲ್ ತೆಗೆಯಬೇಕೆಂಬುದು ಬಿಲ್ ಇನ್‌ಮನ್ ಅವರ ದಾರಿ, ಒಂದೊಂದು ವ್ಯವಹಾರಕ್ಕೆ ಒಂದೊಂದು ಸ್ಟಾರ್ (ಒಂದು ಫ್ಯಾಕ್ಟ್ ಟೇಬಲ್, ಅದರ ಸುತ್ತ ಡೈಮೆನ್ಷನ್‌ಗಳು) ಕಟ್ಟುತ್ತ, ರೈತ, ಊರು, ದಿನಾಂಕದಂಥ ಡೈಮೆನ್ಷನ್‌ಗಳನ್ನು ಎಲ್ಲಕ್ಕೂ ಸಮಾನವಾಗಿಡಬೇಕೆಂಬುದು ರಾಲ್ಫ್ ಕಿಂಬಾಲ್ ಅವರ ದಾರಿ. ಇಬ್ಬರು ಮೂವರು ಕೆಲಸ ಮಾಡುವ ವಿಭಾಗಕ್ಕೆ ಎರಡನೆಯದು ಸರಿ. ಮೊದಲ ಹಂಗಾಮಿನಲ್ಲಿ ತೂಕದ ಸ್ಟಾರ್ ಒಂದನ್ನೇ ಕಟ್ಟಿ ಬಳಕೆಗೆ ತರಬಹುದು, ಮುಂದಿನ ಹಂಗಾಮಿನಲ್ಲಿ ಪಾವತಿಯದನ್ನು ಅದೇ ರೈತ, ಅದೇ ಊರಿನ ಟೇಬಲ್‌ಗಳಿಗೆ ಜೋಡಿಸಬಹುದು.

ಎಷ್ಟು ದೊಡ್ಡ ಯಂತ್ರ ಬೇಕು

ಕ್ಲೌಡ್ ವೇರ್‌ಹೌಸ್ ಮಾರಲು ಬರುವವರು ಸಾಲುಗಳನ್ನು ಹಲವು ಯಂತ್ರಗಳಿಗೆ ಹಂಚುವ ಟೇಬಲ್‌ಗಳ ಬಗ್ಗೆ ಹೇಳುತ್ತಾರೆ. ಮೈಕ್ರೋಸಾಫ್ಟ್‌ನ ಕ್ಲೌಡ್ ವೇರ್‌ಹೌಸ್ ಆದ ಅಜ್ಯೂರ್ ಸಿನ್ಯಾಪ್ಸ್‌ನ ಡೆಡಿಕೇಟೆಡ್ ಪೂಲ್‌ನಲ್ಲಿ ಹೀಗೆ ಹಂಚುವ ಟೇಬಲ್ 60 ಭಾಗಗಳಿಗೆ ಹಂಚಿಹೋಗುತ್ತದೆ. ದೊಡ್ಡ ಫ್ಯಾಕ್ಟ್ ಟೇಬಲಿಗೆ ಒಂದು ಕಾಲಂನ ಮೌಲ್ಯದ ಮೇಲೆ ಹಂಚುವ ಹ್ಯಾಶ್ ವಿಧಾನ, ಸುಮಾರು 2 ಜಿಬಿಗಿಂತ ಚಿಕ್ಕದಾದ ಡೈಮೆನ್ಷನ್ನಿಗೆ ಪ್ರತಿ ನೋಡ್‌ನಲ್ಲಿ (ಯಂತ್ರದಲ್ಲಿ) ಪೂರ್ಣ ಪ್ರತಿ ಇಡುವ ರೆಪ್ಲಿಕೇಟೆಡ್ ವಿಧಾನ, ಸ್ಟೇಜಿಂಗಿಗೆ ಸರದಿಯಂತೆ ಹಂಚುವ ರೌಂಡ್ ರಾಬಿನ್ ವಿಧಾನ ಎಂಬುದು ಅಲ್ಲಿನ ಸಾಮಾನ್ಯ ಆಯ್ಕೆ. ಹ್ಯಾಶ್ ಮಾಡುವಾಗ ಹಂಗಾಮಿನ ಕಾಲಂ ಆರಿಸಿದರೆ ಇಡೀ ಹಂಗಾಮು ಒಂದೇ ಭಾಗಕ್ಕೆ ಹೋಗಿ ಉಳಿದವು ಸುಮ್ಮನೆ ಕೂರುತ್ತವೆ. ರೈತನ ಕೀಯಂತೆ ಬೇರೆ ಬೇರೆ ಮೌಲ್ಯಗಳು ಹೇರಳವಾಗಿರುವ ಕಾಲಂ ಬೇಕು.

ಆದರೆ ಅದಕ್ಕೂ ಮೊದಲು ನಮ್ಮ ಸಾಲುಗಳನ್ನು ಎಣಿಸೋಣ. ದಿನಕ್ಕೆ 10,000 ಟನ್ ನುರಿಸುವ ಕಾರ್ಖಾನೆಗೆ ಗಾಡಿಗೆ ಸರಾಸರಿ 20 ಟನ್ನಿನಂತೆ 500 ಚೀಟಿಗಳು, 150 ದಿನಗಳ ಹಂಗಾಮಿಗೆ 75,000, ಹತ್ತು ಹಂಗಾಮುಗಳಿಗೆ ಏಳೂವರೆ ಲಕ್ಷ. 60 ಭಾಗಗಳಿಗೆ ಹಂಚಿದರೆ ಒಂದೊಂದಕ್ಕೆ 12,500 ಸಾಲು ಬರುತ್ತದೆ, ಅಲ್ಲಿನ ಕಾಲಂ-ಸ್ಟೋರ್ (ಕಾಲಂವಾರು ಸಂಗ್ರಹದ) ವಿಧಾನದಲ್ಲಾದರೋ ಒಂದು ಗುಂಪು ತುಂಬಲು 10,48,576 ಸಾಲುಗಳು ಹಿಡಿಸುತ್ತವೆ. ಏಳೂವರೆ ಲಕ್ಷ ಸಾಲುಗಳ ತೂಕದ ಲೆಕ್ಕಕ್ಕೆ ಕಚೇರಿಯ ಒಂದು ಸಾಧಾರಣ ಸರ್ವರ್, ಅದರ ಮೇಲೆ ಪೋಸ್ಟ್‌ಗ್ರೆಸ್, ಹಂಗಾಮು ಮತ್ತು ರೈತನ ಕೀಯ ಮೇಲೆ ಇಂಡೆಕ್ಸ್ (ಬೇಗ ಹುಡುಕಲು ನೆರವಾಗುವ ಸೂಚಿ), ಇಷ್ಟು ಧಾರಾಳವಾಗಿ ಸಾಕು. ಹಂಗಾಮುವಾರು ಪಾರ್ಟಿಷನ್, ಅಂದರೆ ಟೇಬಲನ್ನು ತುಂಡುಗಳಾಗಿ ಇಡುವುದು, ಕೂಡ ಈ ಗಾತ್ರಕ್ಕೆ ಬೇಕಿಲ್ಲ.

ಈ ಲೆಕ್ಕ ತಲೆಕೆಳಗಾಗುವುದು ಗಿರಣಿಯೊಳಗಿನ ಸೆನ್ಸರ್‌ಗಳ ದತ್ತಾಂಶವನ್ನು ಸೇರಿಸಿದಾಗ. ಸೆಕೆಂಡಿಗೆ ಒಂದು ಅಂಕಿ ಕೊಡುವ ಒಂದು ಸೆನ್ಸರ್ ದಿನಕ್ಕೆ 86,400 ಸಾಲು, 150 ದಿನಗಳಿಗೆ 1,29,60,000 ಸಾಲು ಬರೆಯುತ್ತದೆ, 50 ಸೆನ್ಸರ್‌ಗಳಿದ್ದರೆ ಒಂದೇ ಹಂಗಾಮಿಗೆ 64 ಕೋಟಿ 80 ಲಕ್ಷ ಸಾಲುಗಳಾಗುತ್ತವೆ. ಆ ಟೇಬಲಿಗೆ ಕಾಲಂವಾರು ಸಂಗ್ರಹ ಬೇಕು, ದಿನವಾರು ಪಾರ್ಟಿಷನ್ ಬೇಕು. ಮೂಲ ಅಂಕಿಗಳನ್ನು ಎಷ್ಟು ಕಾಲ ಇಡಬೇಕು, ಎಂದಿನಿಂದ ನಿಮಿಷದ ಸರಾಸರಿ ಮಾತ್ರ ಸಾಕು ಎಂಬುದನ್ನು ಉತ್ಪಾದನಾ ವಿಭಾಗದವರ ಜೊತೆ ಕುಳಿತು ಮೊದಲೇ ತೀರ್ಮಾನಿಸಬೇಕು. ಚೀಟಿಯ ಟೇಬಲ್ ಆಗಲೂ ಅದೇ ಸಾಧಾರಣ ಸರ್ವರಿನಲ್ಲಿ ಇರಬಹುದು. ಎರಡಕ್ಕೂ ಕಾರ್ಖಾನೆಯ ದಿನಾಂಕ ಮತ್ತು ಪಾಳಿಯ ಕೀಗಳು ಒಂದೇ ಆಗಿದ್ದರೆ, ಇಂಥ ಪಾಳಿಯಲ್ಲಿ ಗಿರಣಿ ನಿಂತಾಗ ಯಾರ್ಡಿನಲ್ಲಿ ಎಷ್ಟು ಗಾಡಿಗಳು ಕಾಯುತ್ತಿದ್ದವು ಎಂಬುದನ್ನು ಪಾಳಿವಾರು ಸಾರಾಂಶಗಳಿಂದಲೇ ತೆಗೆಯಬಹುದು.